ಕಹಿಯಿಂದ ಮೊದಲಾಗುವ ಊಟ: ವಂಗದೇಶದ ಶುಕ್ತೊ



ಕಾವ್ಯಮೀಮಾಂಸೆಯನ್ನೋ ಶಾಸನಗಳ ವಿಚಾರವನ್ನೋ ಕುರಿತ ಉಪನ್ಯಾಸಗಳನ್ನು ಈ ವೇದಿಕೆಯಿಂದ ಕೇಳಿ ರೂಢಿಯಾಗಿರುವ ತಮ್ಮ ಮುಂದೆ, ನಾಲ್ಕಾರು ತರಕಾರಿಗಳನ್ನು ಹೆಚ್ಚಿ ತೆಳುವಾದ ರಸದಲ್ಲಿ ಬೇಯಿಸಿದ ಶುಕ್ತೊ ಎಂಬ ಒಂದು ವ್ಯಂಜನದ ವಿಷಯವನ್ನು ಎತ್ತಿಕೊಂಡು ಬಂದಿರುವುದಕ್ಕಾಗಿ ಕ್ಷಮೆ ಬೇಡುವ ಉದ್ದೇಶ ನನಗಿಲ್ಲ. ಪಾಕವಿದ್ಯೆಯನ್ನು ವಿದ್ಯೆಯೆಂದೇ ಗಣಿಸಿದ ನಾಡು ನಮ್ಮದು. 11ನೆಯ ಶತಮಾನದಲ್ಲಿ ‘ಲೋಕೋಪಕಾರ’ವನ್ನು ಬರೆದ ಚಾವುಂಡರಾಯನು, ಬಾವಿ ತೋಡುವುದಕ್ಕೂ ಮರ ಬೆಳೆಸುವುದಕ್ಕೂ ಕೊಟ್ಟ ಗೌರವವನ್ನು ಅಡುಗೆಗೂ ಕೊಟ್ಟನು, ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಸರ ಅನ್ನಪಾನಗಳನ್ನು ವಿಸ್ತರಿಸಿದನು, 16ನೆಯ ಶತಮಾನದ ಮೂರನೆಯ ಮಂಗರಸನಂತೂ ಬದನೆ, ಬಾಳೆ, ಹಲಸುಗಳ ಪಾಕವನ್ನು ಷಟ್ಪದಿಯಲ್ಲಿಯೇ ಕಟ್ಟಿ ‘ಸೂಪಶಾಸ್ತ್ರ’ವೆಂದು ಕರೆದನು. ಆ ಪರಂಪರೆಯವರಾದ ನಾವು ನೆರೆಯವರ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಇಣುಕಿ ನೋಡಿದರೆ ಅದು ಅನಧಿಕಾರ ಚೇಷ್ಟೆಯಾಗಲಾರದೆಂದು ನಂಬಿದ್ದೇನೆ.

ವಂಗದೇಶವನ್ನು ಕನ್ನಡಿಗರಾದ ನಾವು ಬಹುಮಟ್ಟಿಗೆ ಪುಸ್ತಕಗಳ ಮೂಲಕ ಬಲ್ಲೆವು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದಂದಿನಿಂದ ಆ ನಾಡಿನ ನದಿ, ನೌಕೆ, ಜಮೀನುದಾರಿ ಮನೆಗಳೆಲ್ಲ ನಮಗೆ ಚಿರಪರಿಚಿತವಾಗಿವೆ. ಶರಚ್ಚಂದ್ರರ ಕಾದಂಬರಿಗಳನ್ನು ಓದಿದವರಿಗೆ ಅಲ್ಲಿಯ ಅಡುಗೆಮನೆಯ ಹೊಸ್ತಿಲೂ ಅಪರಿಚಿತವಲ್ಲ. ಆದರೆ ಹೊಸ್ತಿಲನ್ನು ದಾಟಿ ಒಳಗೆ ಹೋದವರು ಕಡಮೆ. ಬಂಗಾಳಿಗಳ ಊಟವೆಂದೊಡನೆ ಮೀನು, ರಸಗುಲ್ಲ ಎಂಬ ಎರಡು ಮಾತುಗಳನ್ನು ಆಡಿ ನಾವು ವಿಷಯವನ್ನು ಮುಗಿಸಿಬಿಡುತ್ತೇವೆ. ಮೀನಿನ ನಾಡೆಂದು ಪ್ರಖ್ಯಾತವಾದ ಆ ದೇಶದಲ್ಲಿ ಅತ್ಯಂತ ಸೂಕ್ಷ್ಮವಾದ ಶಾಕಪಾಕವೊಂದು ಬೆಳೆದು ನಿಂತಿದೆಯೆಂಬುದೂ, ಆ ಪಾಕದ ಶಿರೋಭಾಗದಲ್ಲಿ ಹಾಗಲಕಾಯಿ ಕುಳಿತಿದೆಯೆಂಬುದೂ ನಮ್ಮಲ್ಲಿ ಅನೇಕರಿಗೆ ಹೊಸ ಸಂಗತಿಯಾಗಬಹುದು.

ಇಂದಿನ ನನ್ನ ಮಾತಿನ ಮೇರೆಯನ್ನು ಮೊದಲೇ ಹೇಳಿಬಿಡುತ್ತೇನೆ. ಊಟದಲ್ಲಿ ಶುಕ್ತೊವಿನ ಸ್ಥಾನವೇನು, ಅದಕ್ಕೂ ನಮ್ಮ ವೈದ್ಯಶಾಸ್ತ್ರಕ್ಕೂ ಇರುವ ಸಂಬಂಧವೆಷ್ಟು ಎಂಬುದು ಮೊದಲನೆಯ ವಿಚಾರ. ಅದನ್ನು ಮಾಡುವ ಬಗೆ ಎರಡನೆಯದು. ಅದಕ್ಕೆ ಹೆಚ್ಚು ಹೊತ್ತನ್ನು ತೆಗೆದುಕೊಳ್ಳುವೆನು, ಏಕೆಂದರೆ ಮಾಡುವ ಬಗೆಯನ್ನು ಬಿಟ್ಟು ಅಡುಗೆಯ ತತ್ತ್ವವನ್ನು ಹೇಳುವವರ ಮಾತಿನಲ್ಲಿ ನನಗೆ ನಂಬಿಕೆಯಿಲ್ಲ. ಆಮೇಲೆ ಅದರ ಚರಿತ್ರೆ. ಕಡೆಗೆ, ಅದನ್ನು ಕೈಯಾರೆ ಬೆಳೆಸಿದವರು ಯಾರೆಂಬ ವಿಚಾರ. ಶುಕ್ತೊ ಶಾಸ್ತ್ರಜ್ಞರ ಸೃಷ್ಟಿಯಲ್ಲ, ಲೋಕದ ಸೃಷ್ಟಿ. ಅದರಲ್ಲಿಯೂ ಬೇಡವೆಂಬ ಮಾತನ್ನು ಹೆಚ್ಚಾಗಿ ಕೇಳಬೇಕಾಗಿ ಬಂದ ಜನರ ಸೃಷ್ಟಿ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ನನ್ನ ಉದ್ದೇಶ.

ಮೊದಲನೆಯ ವಿಚಾರಕ್ಕೆ ಬರೋಣ. ಬಂಗಾಳಿಗಳ ಮಧ್ಯಾಹ್ನದ ಊಟದಲ್ಲಿ ಬಟ್ಟಲುಗಳೆಲ್ಲ ಒಟ್ಟಿಗೇ ಬಂದು ತಟ್ಟೆಯ ಸುತ್ತ ಕುಳಿತರೂ ಉಣ್ಣುವ ಕ್ರಮ ಮಾತ್ರ ನಿಶ್ಚಿತವಾದುದು. ಪ್ರಥಮದಲ್ಲಿ ಕಹಿ, ಅದು ಶುಕ್ತೊ ಆಗಿರಬಹುದು, ವಸಂತಮಾಸಗಳಲ್ಲಾದರೆ ಎಳೆಯ ಬೇವಿನೆಲೆಯನ್ನು ಬದನೆಯೊಡನೆ ಹುರಿದದ್ದಾಗಿರಬಹುದು. ಅದಾದ ಮೇಲೆ ಸೊಪ್ಪು, ಬಳಿಕ ಬೇಳೆ ಮತ್ತು ಅದಕ್ಕೆ ಜೊತೆಯಾಗಿ ಕರಿದ ಹೋಳುಗಳು, ಅನಂತರ ತರಕಾರಿ, ಆಮೇಲೆ ಮೀನು, ಮಾಂಸವುಂಟಾದರೆ ಅದು, ಕಡೆಯಲ್ಲಿ ಹುಳಿಸಿಹಿ ಬೆರೆತ ಚಟ್ನಿ, ಹಪ್ಪಳ, ಎಲ್ಲಕ್ಕೂ ಮುಗಿತಾಯವಾಗಿ ಸಿಹಿ. ಒಂದೊಂದನ್ನೂ ಬೇರೆ ಬೇರೆಯಾಗಿ ಅನ್ನಕ್ಕೆ ಕಲಸಿ ತಿನ್ನಬೇಕೇ ಹೊರತು ಒಂದರೊಡನೆ ಇನ್ನೊಂದನ್ನು ಬೆರೆಸುವುದನ್ನು ರಸಿಕರು ಒಪ್ಪುವುದಿಲ್ಲ. ನಾಲಗೆಯು ಕಹಿಯಿಂದ ಹೊರಟು ಸಿಹಿಯವರೆಗೆ ನಡೆಯತಕ್ಕ ದಾರಿ ಇದು.

ನಮ್ಮ ಹಳೆಯ ಮೈಸೂರಿನ ಮನೆಗಳಲ್ಲಿ ಹಬ್ಬದ ಎಲೆಯ ತುದಿಗೆ ಮೊದಲು ಬೀಳುವುದು ಪಾಯಸ; ಊಟ ಮುಗಿಯುವುದು ಮೊಸರನ್ನದಲ್ಲಿ. ಇವೆರಡರಲ್ಲಿ ಶಾಸ್ತ್ರಸಮ್ಮತವಾದ ಕ್ರಮ ಯಾವುದೆಂದು ಕೇಳಿದರೆ, ಸುಶ್ರುತಸಂಹಿತೆಯು ನಮ್ಮ ಪಕ್ಷವನ್ನೇ ವಹಿಸುತ್ತದೆ. ಮೊದಲು ಮಧುರ, ನಡುವೆ ಆಮ್ಲ ಮತ್ತು ಲವಣ, ಮಿಕ್ಕ ರಸಗಳು ಕಡೆಗೆ ಎಂಬುದು ಅಲ್ಲಿಯ ವಿಧಿ. ಬಂಗಾಳದ ಊಟ ಇದನ್ನು ತಲೆಕೆಳಗು ಮಾಡಿ ನಿಲ್ಲಿಸಿದೆ. ಆದರೂ ವಂಗೀಯ ಮಿತ್ರರು ಯಾರನ್ನು ಕೇಳಿದರೂ, ಶುಕ್ತೊವಿಗೆ ಆಯುರ್ವೇದವೇ ಮೂಲವೆಂದು ಹೆಮ್ಮೆಯಿಂದ ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ತಿಕ್ತರಸವು ತಾನಾಗಿ ರುಚಿಕರವಲ್ಲದಿದ್ದರೂ ಅರುಚಿಯೆಂಬ ವ್ಯಾಧಿಯನ್ನು ಅದು ಕಳೆಯುತ್ತದೆಂದು ಚರಕನು ಹೇಳಿರುವನು; ಆರ್ದ್ರತೆಯೇ ಹೆಚ್ಚಾಗಿರುವ, ಬಿಸಿಲು ಬಿದ್ದೊಡನೆ ಹಸಿವು ಕುಂದುವ ಆ ನದೀಮುಖಭೂಮಿಯಲ್ಲಿ ಊಟದ ಮೊದಲಿಗೆ ಅಂಥದೊಂದು ಪ್ರೇರಣೆ ಬೇಕಾಗಿತ್ತೆಂದು ಊಹಿಸುವುದು ಕಷ್ಟವಲ್ಲ.

ಆದರೆ ಅದೇ ಚರಕನು, ಮೂಲಂಗಿ, ನುಗ್ಗೆ ಮೊದಲಾದವುಗಳನ್ನು ತಿಂದ ಮೇಲೆ ಹಾಲನ್ನು ಸೇವಿಸಬಾರದು, ಸೇವಿಸಿದರೆ ಚರ್ಮರೋಗಕ್ಕೆ ಎಡೆಯಾಗುವುದೆಂದು ಎಚ್ಚರಿಸಿದ್ದಾನೆ. ಶುಕ್ತೊವಿನಲ್ಲಿ ನುಗ್ಗೆ ಇದೆ. ಚಳಿಗಾಲದಲ್ಲಿ ಮೂಲಂಗಿಯೂ ಬೀಳುತ್ತದೆ. ಅವುಗಳ ಮೇಲೆ ಹಾಲನ್ನು ಸುರಿಯುತ್ತಾರೆ. ಹಾಲಿಗೆ ಉಪ್ಪು ಹಾಕಿದರೆ ಹುಬ್ಬುಗಂಟಿಕ್ಕುವ ಹಿರಿಯರು ಈ ಸಭೆಯಲ್ಲಿಯೂ ಇರಬಹುದು. ಶುಕ್ತೊವಿನಲ್ಲಿ ಉಪ್ಪೂ ಉಂಟು. ಅಂದ ಮೇಲೆ, ಶಾಸ್ತ್ರದಿಂದ ಒಂದು ವಾಕ್ಯವನ್ನು ಎತ್ತಿ ಈ ಅಡುಗೆಯನ್ನು ಸಮರ್ಥಿಸುವವರು ಅದೇ ಶಾಸ್ತ್ರದ ಮತ್ತೊಂದು ವಾಕ್ಯಕ್ಕೆ ಏನು ಉತ್ತರ ಕೊಡುವರೋ ತಿಳಿಯದು. ಶಾಸ್ತ್ರವು ಹೇಳಿದ್ದರಿಂದ ಇದು ಹುಟ್ಟಲಿಲ್ಲ. ಮಾಡಿ, ಉಂಡು, ಹಿತವೆಂದು ಕಂಡುದರಿಂದ ಉಳಿಯಿತು.

ಇನ್ನು ಎರಡನೆಯ ವಿಚಾರ, ಅಂದರೆ ಪಾಕಕ್ರಮ. ಉತ್ತರ ಕಲ್ಕತ್ತೆಯ ಹಳೆಯ ಮನೆಯೊಂದರಲ್ಲಿ ನಾನು ಅತಿಥಿಯಾಗಿದ್ದಾಗ, ಬೀದಿಯ ಮಕ್ಕಳೆಲ್ಲರೂ ಮಾಸೀಮಾ ಎಂದು ಕರೆಯುತ್ತಿದ್ದ ಆ ಮನೆಯ ಹಿರಿಯ ಗೃಹಿಣಿಯು ಶುಕ್ತೊ ಮಾಡುವುದನ್ನು ಹತ್ತಿರದಲ್ಲಿ ಕುಳಿತು ನೋಡುವ ಅವಕಾಶ ದೊರೆಯಿತು. ಆಕೆಯ ಮುಂದೆ ಇದ್ದುದು ನಮ್ಮ ಈಳಿಗೆಮಣೆಯ ವಂಗದ ಸೋದರಿ. ಅವರು ಅದನ್ನು ಬೊಂಟಿ ಎನ್ನುತ್ತಾರೆ. ಬಲಗಾಲಿನಿಂದ ಮಣೆಯನ್ನು ಒತ್ತಿ ಹಿಡಿದು, ಎರಡು ಕೈಗಳಿಂದಲೂ ತರಕಾರಿಯನ್ನು ಅಲುಗಿಗೆ ಒಯ್ಯುತ್ತ, ಆಕೆ ಒಂದೊಂದನ್ನೂ ಬೆರಳಿನಷ್ಟು ಉದ್ದಕ್ಕೆ, ಬೆರಳಿನಷ್ಟೇ ದಪ್ಪಕ್ಕೆ ಹೆಚ್ಚಿ, ಬೇರೆ ಬೇರೆ ಗುಡ್ಡೆಗಳಾಗಿ ತಟ್ಟೆಯಲ್ಲಿ ಇಡುತ್ತಿದ್ದರು. ಬಾಳೆಕಾಯಿಯ ಹೋಳುಗಳು ಕಪ್ಪಾಗದಂತೆ ನೀರಿನಲ್ಲಿ ಮುಳುಗಿದ್ದುವು. ಬದನೆಯ ಹೋಳು ಮಾತ್ರ ಮಿಕ್ಕವುಗಳಿಗಿಂತ ತುಸು ದಪ್ಪ. ಏಕೆಂದು ಕೇಳಿದುದಕ್ಕೆ, ಅದು ಬೇಗ ಕರಗುವ ಜಾತಿಯಾದುದರಿಂದ ಮೊದಲೇ ಅದಕ್ಕೆ ಸ್ವಲ್ಪ ಹೆಚ್ಚು ಮೈ ಉಳಿಸಬೇಕು ಎಂದರು. ಹೆಚ್ಚುವುದರಲ್ಲಿಯೇ ಅಡುಗೆಯ ಅರ್ಧ ಮುಗಿದಿರುತ್ತದೆಂಬುದನ್ನು ನಾನು ಅಲ್ಲಿ ಕಂಡೆನು. ಒಂದೇ ಪಾತ್ರೆಯಲ್ಲಿ ಬೇಯಬೇಕಾದ ಏಳೆಂಟು ತರಕಾರಿಗಳು ಒಂದೇ ಆಕಾರದಲ್ಲಿದ್ದು, ಒಂದೊಂದೂ ತನ್ನ ತನ್ನ ಕಾಲಕ್ಕೆ ಸರಿಯಾಗಿ ಪಾತ್ರೆಗೆ ಬೀಳಬೇಕು; ಯಾವುದೂ ಹಿಟ್ಟಾಗಬಾರದು, ಯಾವುದೂ ಹಸಿಯಾಗಿ ಉಳಿಯಬಾರದು.

ನಾಲ್ಕೈದು ಜನರಿಗೆ ಆಗುವ ಪ್ರಮಾಣವನ್ನು ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ಹಾಗಲಕಾಯಿ 100 ಗ್ರಾಂ. ಎಳೆಯದಾದ ಮಿಡಿ ಹಾಗಲವಾದರೆ ಉತ್ತಮ, ಅದನ್ನು ಅವರು ಉಚ್ಛೆ ಎನ್ನುತ್ತಾರೆ. ಬಾಳೆಕಾಯಿ ಒಂದು, ಸಿಹಿಗೆಣಸು ಒಂದು, ಆಲೂಗೆಡ್ಡೆ ಒಂದು, ನುಗ್ಗೆಕಾಯಿ ಒಂದು, ಸಣ್ಣ ಬದನೆಕಾಯಿ ಒಂದು, ಹಸಿ ಪರಂಗಿಕಾಯಿಯ ಹೋಳು 100 ಗ್ರಾಂ, ಚಪ್ಪರದವರೆಯ ಕಾಯಿ ಐದಾರು. ಒಟ್ಟಿನಲ್ಲಿ ಮುಕ್ಕಾಲು ಕಿಲೋ ತರಕಾರಿಯಾಗಬೇಕು. ಇವುಗಳೊಡನೆ ಎಂಟು ಹತ್ತು ಬೊಡಿ. ಬೊಡಿಯೆಂದರೆ ಉದ್ದಿನ ಬೇಳೆಯನ್ನೋ ಬಟಾಣಿ ಬೇಳೆಯನ್ನೋ ರುಬ್ಬಿ, ಚಳಿಗಾಲದ ಬಿಸಿಲಿನಲ್ಲಿ ಸಣ್ಣ ಸಣ್ಣ ಗೋಪುರಗಳಾಗಿ ಇಟ್ಟು ಒಣಗಿಸಿದ ಸಂಡಿಗೆ. ಮೇದಿನೀಪುರದ ಕಡೆ ಇದನ್ನು ಗಸಗಸೆಯ ಹಾಸಿನ ಮೇಲೆ ಆಭರಣದ ಆಕಾರದಲ್ಲಿ ಬಿಡಿಸುವರು. ಅದನ್ನು ಒಡೆದು ಬಾಣಲೆಗೆ ಹಾಕಲು ಮನಸ್ಸು ಬಾರದಷ್ಟು ಸೊಗಸಾಗಿರುತ್ತದೆ. ಕೆಲವು ಮನೆಗಳಲ್ಲಿ ವರ್ಷದ ಮೊದಲ ಬೊಡಿ ಇಡುವಾಗ ದೊಡ್ಡವೆರಡನ್ನು ಮುದುಕ ಮುದುಕಿಯರೆಂದು ಇಟ್ಟು, ಸಿಂಧೂರ ಹಚ್ಚಿ, ಮದುವೆ ಮಾಡುವ ಸಂಪ್ರದಾಯವೂ ಉಂಟು.

ಅರೆಯತಕ್ಕ ಸಾಮಗ್ರಿ ಮೂರು: ಹಸಿಶುಂಠಿ, ಸಾಸಿವೆ, ಗಸಗಸೆ. ಒಂದೊಂದೂ ಅರೆದ ಮೇಲೆ ಒಂದು ದೊಡ್ಡ ಚಮಚವಾಗುವಷ್ಟಿರಬೇಕು. ಸಾಸಿವೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಇಡಿಯ ಸಾಸಿವೆಯನ್ನು ಬಾಯಿಗೆ ಹಾಕಿಕೊಂಡರೆ ಖಾರವಿಲ್ಲ. ಅರೆದು ನೀರು ಸೋಂಕಿದೊಡನೆ ಅದರೊಳಗಿನ ಎರಡು ದ್ರವ್ಯಗಳು ಕೂಡಿ ಮೂಗಿಗೆ ಏರುವ ಆ ಘಾಟನ್ನು ಹುಟ್ಟಿಸುತ್ತವೆ. ಅರೆಯುವುದು ಅತಿಯಾದರೆ ಘಾಟಿನೊಡನೆ ಒಗರು ಕಹಿಯೂ ಬಂದು ಸೇರುವುದು. ಆದುದರಿಂದ ಸಾಸಿವೆಯನ್ನು ಸ್ವಲ್ಪ ಹೊತ್ತು ನೆನೆಸಿ, ಚಿಟಿಕೆ ಉಪ್ಪನ್ನೂ ಒಂದು ಹಸಿಮೆಣಸಿನಕಾಯಿಯನ್ನೂ ಸೇರಿಸಿ, ಚಪ್ಪಟೆಯಾದ ಕಲ್ಲಿನ ಮೇಲೆ ಗುಂಡನ್ನು ಹೊರಳಿಸುತ್ತ ಬೇಗ ಅರೆದು ಮುಗಿಸುವುದು ಅಲ್ಲಿಯ ಸ್ತ್ರೀಯರ ಪದ್ಧತಿ. ಹಾಗಲವು ಕೊಡುವ ಕಹಿ ಬೇಕು. ಸಾಸಿವೆ ಕೊಡುವ ಕಹಿ ಬೇಡ.

ಒಗ್ಗರಣೆಗೆ ಬೇಕಾದುದು ಪಾಂಚ್‌ಫೋರೊನ್, ಅಂದರೆ ಮೆಂತ್ಯ, ಜೀರಿಗೆ, ಸೋಂಪು, ಸಾಸಿವೆ, ಕರಿಜೀರಿಗೆ ಎಂಬ ಐದು ಕಾಳುಗಳ ಮಿಶ್ರಣ. ಎಲ್ಲವೂ ಸಮಪ್ರಮಾಣ, ಮೆಂತ್ಯವನ್ನು ಮಾತ್ರ ಕೊಂಚ ಕಡಮೆ ಮಾಡುವವರುಂಟು. ಪುಡಿ ಮಾಡದೆ ಇಡಿಯಾಗಿಯೇ ಹಾಕತಕ್ಕದ್ದು. ಶುಕ್ತೊವಿಗೆ ಇದರೊಡನೆ, ಅನೇಕ ಮನೆಗಳಲ್ಲಿ ಇದಕ್ಕೆ ಬದಲಾಗಿ, ರಾಂಧುನಿ ಎಂಬ ಕಾಳು ಬೀಳುತ್ತದೆ. ನಮ್ಮ ಓಮದ ಕುಲಕ್ಕೆ ಸೇರಿದ, ಕಂಡರೆ ಓಮವೆಂದೇ ಭ್ರಮೆಯಾಗುವ, ಆದರೆ ವಾಸನೆಯಲ್ಲಿ ಬೇರೆಯೇ ಆದ ಸಣ್ಣ ಕಾಳು ಅದು. ಬಂಗಾಳದಿಂದ ಹೊರಗೆ ಅದರ ಬಳಕೆ ಅಪೂರ್ವ.

ಈಗ ಒಲೆಯ ಬಳಿಗೆ ಹೋಗೋಣ. ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಸಾಸಿವೆ ಎಣ್ಣೆಯನ್ನು ಹಾಕಿ, ಹೊಗೆಯಾಡುವವರೆಗೆ ಕಾಯಿಸಿ, ಉರಿಯನ್ನು ಇಳಿಸಬೇಕು; ಹಾಗೆ ಮಾಡದಿದ್ದರೆ ಎಣ್ಣೆಯ ಹಸಿಘಾಟು ಕೊನೆಯವರೆಗೂ ಬಿಡುವುದಿಲ್ಲ. ಮೊದಲು ಬೊಡಿಯನ್ನು ಕೆಂಪಗೆ ಹುರಿದು ತೆಗೆದಿಡುವುದು. ಆಮೇಲೆ ಹಾಗಲದ ಹೋಳನ್ನು ಉಪ್ಪು ಸವರಿ ಅದೇ ಎಣ್ಣೆಯಲ್ಲಿ ಅಂಚು ಕೆಂಪಾಗುವಂತೆ ಹುರಿದು, ಅದನ್ನೂ ತೆಗೆದು ಬೇರೆ ಇಡುವುದು. ಈ ಬೇರೆ ಇಡುವುದರಲ್ಲಿಯೇ ಶುಕ್ತೊವಿನ ಗುಟ್ಟು ಇದೆ. ಹಾಗಲವನ್ನು ಮೊದಲಿನಿಂದಲೂ ಮಿಕ್ಕವುಗಳೊಡನೆ ಬೇಯಿಸಿದರೆ ಅದರ ಕಹಿ ರಸಕ್ಕೆಲ್ಲ ಇಳಿದು, ಗೆಣಸೂ ಕಹಿ, ಬಾಳೆಯೂ ಕಹಿಯಾಗಿ ಪಾತ್ರೆಯಲ್ಲಿ ಒಂದೇ ರಸ ಉಳಿಯುವುದು. ಹುರಿದು ಕಡೆಯಲ್ಲಿ ಸೇರಿಸಿದರೆ, ರಸದಲ್ಲಿ ಕಹಿಯ ಒಂದು ಛಾಯೆ ಮಾತ್ರ ಹರಡಿ, ನಿಜವಾದ ಕಹಿ ಆ ಹೋಳಿನಲ್ಲಿಯೇ ಉಳಿಯುವುದು.

ಬದನೆಯನ್ನೂ ಹಾಗೆಯೇ ಮೃದುವಾಗಿ ಹುರಿದಿಟ್ಟು, ಉಳಿದ ಎಣ್ಣೆಗೆ ಒಂದು ತೇಜಪತ್ರೆ, ಅರ್ಧ ಚಮಚ ಪಾಂಚ್‌ಫೋರೊನ್, ಕಾಲು ಚಮಚ ರಾಂಧುನಿ ಹಾಕಿ, ಕಾಳು ಸಿಡಿದು ಸುವಾಸನೆ ಬಂದೊಡನೆ ಗಟ್ಟಿಯಾದ ತರಕಾರಿಗಳನ್ನು ಹಾಕಬೇಕು: ಆಲೂಗೆಡ್ಡೆ, ಬಾಳೆಕಾಯಿ, ಪರಂಗಿ ಮೊದಲು, ಎರಡು ಮೂರು ನಿಮಿಷ ಕಳೆದು ಗೆಣಸು, ನುಗ್ಗೆ, ಅವರೆ. ಅರೆದ ಶುಂಠಿಯನ್ನೂ ಉಪ್ಪನ್ನೂ ಸೇರಿಸಿ, ತಳ ಹಿಡಿಯದಂತೆ ಸೌಟಿನಿಂದ ಮೆಲ್ಲಗೆ ತಿರುವಿ, ಅರ್ಧ ಲೀಟರಿನಷ್ಟು ಬಿಸಿನೀರನ್ನು ಎರೆದು ಮುಚ್ಚಬೇಕು. ಅರಿಸಿನ ಹಾಕುವುದಿಲ್ಲ. ಅರಿಸಿನವಿಲ್ಲದ ಪಲ್ಯವನ್ನು ಅಮಂಗಳವೆಂದು ಭಾವಿಸುವ ನಮಗೆ ಇದು ವಿಚಿತ್ರವಾಗಿ ತೋರಬಹುದು. ನಾನು ಕೇಳಿದಾಗ ಮಾಸೀಮಾ, “ಬಣ್ಣ ಬಂದರೆ ಶುಕ್ತೊ ಕೆಟ್ಟಿತೆಂದೇ ಲೆಕ್ಕ, ಬಾಬಾ, ಅದು ಬೆಳ್ಳಗಿರಬೇಕು” ಎಂದು ಬಾಣಲೆಯ ಮುಚ್ಚಳವನ್ನು ತೆರೆದು ತೋರಿಸಿದರು. ಈರುಳ್ಳಿ ಬೆಳ್ಳುಳ್ಳಿಗಳ ಮಾತಂತೂ ಇಲ್ಲವೇ ಇಲ್ಲ. ಹುಣಿಸೆಯಿಲ್ಲ, ಬೇಳೆಯಿಲ್ಲ, ತೆಂಗಿನಕಾಯಿಯ ಮಸಾಲೆಯಿಲ್ಲ. ಹುಳಿಯನ್ನೂ ಮಜ್ಜಿಗೆಹುಳಿಯನ್ನೂ ಬಲ್ಲ ಕನ್ನಡಿಗರಿಗೆ ಆಧಾರವೆಂದು ತೋರುವ ಯಾವುದೂ ಇಲ್ಲಿ ಇಲ್ಲ.

ತರಕಾರಿ ಬೆಂದಿತೆಂದು ಕಂಡಾಗ ಸಾಸಿವೆ, ಗಸಗಸೆಗಳನ್ನು ನೀರಿನಲ್ಲಿ ಕದಡಿ ಹಾಕಿ, ಒಂದು ಕುದಿ ಬಂದ ಮೇಲೆ ಉರಿಯನ್ನು ತೀರ ಸಣ್ಣದು ಮಾಡಿ ಹಾಲನ್ನು ಬಿಡಬೇಕು. ಅರ್ಧ ಬಟ್ಟಲು ಹಾಲಿಗೆ ಒಂದು ಸಣ್ಣ ಚಮಚ ಮೈದಾಹಿಟ್ಟನ್ನು ಕದಡಿಕೊಂಡರೆ ಅದು ಒಡೆಯದು, ರಸಕ್ಕೂ ತುಸು ಮೈ ಬರುವುದು. ಒಂದು ಚಮಚ ಸಕ್ಕರೆ. ಆಮೇಲೆ ಹುರಿದಿಟ್ಟ ಬದನೆ, ಹಾಗಲ, ಬೊಡಿ. ಮೂರು ನಿಮಿಷ ಸಾಕು. ಇಳಿಸುವ ಮುನ್ನ ಒಂದು ಚಮಚ ತುಪ್ಪ, ಹುರಿದು ಕುಟ್ಟಿದ ರಾಂಧುನಿ ಅಥವಾ ಪಾಂಚ್‌ಫೋರೊನ್‌ನ ಪುಡಿ ಒಂದು ಚಿಟಿಕೆ. ಬಿಸಿಬಿಸಿಯಾಗಿ ಬಡಿಸುವ ಆತುರ ಬೇಡ. ಅರ್ಧ ಗಂಟೆ ಮುಚ್ಚಿಟ್ಟು, ಉಗುರು ಬೆಚ್ಚಗಾದ ಮೇಲೆ ಅನ್ನದ ಮೇಲೆ ಬಡಿಸಬೇಕು; ಅಷ್ಟರಲ್ಲಿ ಬೊಡಿಯು ರಸವನ್ನು ಹೀರಿ ಹತ್ತಿಯಂತೆ ಮೆತ್ತಗಾಗಿರುತ್ತದೆ.

ಪೂರ್ವವಂಗದವರು ಇದಕ್ಕೆ ಒಡಂಬಡಲಾರರು. ಅವರ ಶುಕ್ತೊವಿನಲ್ಲಿ ಸಕ್ಕರೆ ಕಡಮೆ, ಹಾಲು ಎಷ್ಟೋ ಮನೆಗಳಲ್ಲಿ ಇಲ್ಲವೇ ಇಲ್ಲ, ಕಹಿ ಇನ್ನಷ್ಟು ನಿಚ್ಚಳ. 1947ರ ದೇಶವಿಭಾಗದ ತರುವಾಯ ಲಕ್ಷಾಂತರ ಮಂದಿ ಗಡಿಯನ್ನು ದಾಟಿ ಬಂದು ಕಲ್ಕತ್ತೆಯಲ್ಲಿ ನೆಲೆಸಿದ ಮೇಲೆ, ಘೋಟಿ ಎನಿಸಿಕೊಂಡ ಪಶ್ಚಿಮದವರಿಗೂ ಬಾಙಾಲ್ ಎನಿಸಿಕೊಂಡ ಪೂರ್ವದವರಿಗೂ ಕಾಲ್ಚೆಂಡಿನ ಮೈದಾನದಲ್ಲಿ ನಡೆಯುವ ವಾದ ಅಡುಗೆಮನೆಯಲ್ಲಿಯೂ ನಡೆಯುತ್ತ ಬಂದಿದೆ. ಆ ವಾದದಲ್ಲಿ ನಾನು ತೀರ್ಪು ಕೊಡುವುದಿಲ್ಲ.

ಪಾಕಕ್ರಮವು ಇಷ್ಟು, ಇನ್ನು ಚರಿತ್ರೆಯ ಕಡೆಗೆ ತಿರುಗೋಣ. ಶ್ರೀಚೈತನ್ಯರ ಜೀವಿತವನ್ನು ವರ್ಣಿಸುವ ಕೃಷ್ಣದಾಸ ಕವಿರಾಜರ ‘ಚೈತನ್ಯಚರಿತಾಮೃತ’ದಲ್ಲಿ ಊಟದ ಪ್ರಸಂಗಗಳು ಅನೇಕವಾಗಿವೆ. ಪುರಿಯಲ್ಲಿ ಸಾರ್ವಭೌಮ ಭಟ್ಟಾಚಾರ್ಯರು ತಮ್ಮ ಮನೆಯಲ್ಲಿ ಚೈತನ್ಯ ಮಹಾಪ್ರಭುವಿಗೆ ಬಡಿಸಿದ ಭಕ್ಷ್ಯಗಳ ಪಟ್ಟಿಯಲ್ಲಿ ಹತ್ತು ಬಗೆಯ ಸೊಪ್ಪಿನ ಪಲ್ಯಗಳೊಡನೆ ಬೇವಿನ ಕಹಿಯುಳ್ಳ ಶುಕ್ತದ ಝೋಲ್, ಅಂದರೆ ತೆಳುರಸ, ಬರುತ್ತದೆ. ಅದೇ ಗ್ರಂಥದಲ್ಲಿ ಇನ್ನೊಂದು ಪ್ರಸಂಗ. ಗಂಗೆಯ ದಡದ ಪಾಣಿಹಾಟಿಯ ರಾಘವ ಪಂಡಿತನು ವರ್ಷವರ್ಷವೂ ಪುರಿಗೆ ಚೀಲಗಳನ್ನು ತುಂಬಿಸಿಕೊಂಡು ಹೋಗುತ್ತಿದ್ದನು. ಅವುಗಳಲ್ಲಿದ್ದ ಎಲ್ಲ ತಿನಿಸನ್ನೂ ಸಿದ್ಧಪಡಿಸಿದವಳು ಅವನ ತಂಗಿ ದಮಯಂತಿ. ಉಂಡೆಗಳ, ಉಪ್ಪಿನಕಾಯಿಗಳ ನಡುವೆ ಆಕೆ ಒಣಗಿಸಿದ ಕಹಿಸೊಪ್ಪನ್ನೂ ಇರಿಸುತ್ತಿದ್ದಳು. ಅತಿಭೋಜನದಿಂದ ಹೊಟ್ಟೆಯಲ್ಲಿ ಆಮವುಂಟಾದರೆ ಇದು ಕಳೆಯುವುದೆಂಬುದು ಆಕೆಯ ಭಾವನೆ. ಜಗತ್ತೇ ದೇವರೆಂದು ಪೂಜಿಸುವವನ ಹೊಟ್ಟೆ ಕೆಟ್ಟೀತೆಂಬ ಚಿಂತೆ ಆಕೆಗೆ. ಭಕ್ತಿಗ್ರಂಥವೊಂದರಲ್ಲಿ ಇದಕ್ಕಿಂತ ಮನೆಮಾತಿನ ಭಕ್ತಿಯನ್ನು ನಾನು ಕಂಡಿಲ್ಲ.

16ನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಮುಕುಂದರಾಮ ಚಕ್ರವರ್ತಿಯ ‘ಚಂಡೀಮಂಗಲ’ದಲ್ಲಿಯೂ ಅಡುಗೆಯ ವರ್ಣನೆಗಳು ದೀರ್ಘವಾಗಿವೆ. ಆದರೆ ನಾನು ಈಗತಾನೇ ತಮ್ಮ ಮುಂದೆ ವಿವರಿಸಿದ ಶುಕ್ತೊ ಆ ಕವಿಗಳು ಉಂಡ ಶುಕ್ತವಲ್ಲ. ಆಲೂಗೆಡ್ಡೆ, ಸಿಹಿಗೆಣಸು, ಪರಂಗಿ, ಹಸಿಮೆಣಸಿನಕಾಯಿ ಇವೆಲ್ಲವೂ ಅಮೆರಿಕ ಖಂಡದ ಮೂಲದವು. ಹುಗ್ಲಿಯಲ್ಲಿ ಕೋಠಿ ಕಟ್ಟಿ, ಬ್ಯಾಂಡೆಲ್‌ನಲ್ಲಿ ಇಗರ್ಜಿಯನ್ನು ಎತ್ತಿದ ಪೋರ್ಚುಗೀಸರ ಕಾಲದಿಂದೀಚೆಗೆ ಸಮುದ್ರಮಾರ್ಗವಾಗಿ ಒಂದೊಂದಾಗಿ ಬಂದು ಸೇರಿದವು. ಆಲೂಗೆಡ್ಡೆಯಂತೂ ಬಂಗಾಳದ ಮನೆಮನೆಗಳಿಗೆ ಇಳಿದದ್ದು ಆಂಗ್ಲರ ಆಳಿಕೆಯಲ್ಲಿ. ಸನಾತನವೆಂದು ನಾವು ಕೈಮುಗಿಯುವ ಅಡುಗೆಯ ಪಾತ್ರೆಯನ್ನು ಕದಡಿ ನೋಡಿದರೆ ಅರ್ಧಕ್ಕರ್ಧ ಹೋಳುಗಳು ಹೀಗೆ ಹಡಗಿನಿಂದ ಇಳಿದು ಬಂದವುಗಳೇ.

ಗಸಗಸೆಯ ಕಥೆ ಇದಕ್ಕಿಂತ ಕಠೋರವಾದುದು. 1773ರಲ್ಲಿ ವಾರನ್ ಹೇಸ್ಟಿಂಗ್ಸನು ಅಫೀಮಿನ ಏಕಸ್ವಾಮ್ಯವನ್ನು ಕಂಪೆನಿಯ ಸರ್ಕಾರದ ವಶಕ್ಕೆ ತೆಗೆದುಕೊಂಡನು. ಚೀನದ ವ್ಯಾಪಾರಕ್ಕಾಗಿ ಬಿಹಾರದ ಮತ್ತು ಕಾಶಿಯ ಸೀಮೆಗಳಲ್ಲಿ ಆ ಗಿಡವನ್ನು ಬೆಳೆಸಲು ರೈತರು ಕಟ್ಟುಬಿದ್ದರು. ಕಾಯಿಯನ್ನು ಗೀರಿ ಹಾಲನ್ನು ತೆಗೆದ ಮೇಲೆ ಉಳಿಯುವ ಬೀಜದಲ್ಲಿ ಮದವಿಲ್ಲ. ಮಾಲು ಕಂಪೆನಿಯ ಪಾಲಾಗಿ, ಬೀಜ ಬಡವರ ಪಾಲಾಯಿತೆಂದೂ, ರಾಢದೇಶವೆನಿಸಿದ ಬಾಂಕುಡಾ, ಬೀರಭೂಮಗಳ ಒಣನೆಲದ ಜನಕ್ಕೆ ಪೋಸ್ತೊ, ಅಂದರೆ ಗಸಗಸೆ, ಪ್ರಿಯವಾದದ್ದು ಹೀಗೆಂದೂ ಅಲ್ಲಿಯವರು ಹೇಳುತ್ತಾರೆ. ಇಂದು ಅದೇ ಬೀಜದ ಬೆಲೆಯನ್ನು ಕೇಳಿದರೆ ಬಡವರು ಮುಂದಕ್ಕೆ ನಡೆಯಬೇಕಾಗಿದೆ.

ಇನ್ನು ಕಡೆಯ ವಿಚಾರ. ಇದನ್ನು ಹೇಳುವಾಗ ದನಿ ತಗ್ಗುವುದು ಸಹಜ. ಮೀನಿಲ್ಲದೆ ಊಟವೇ ಇಲ್ಲವೆನ್ನುವ ನಾಡಿನಲ್ಲಿ, ಮೇಲ್ಜಾತಿಯ ಹಿಂದೂ ವಿಧವೆಗೆ ಮೀನು ನಿಷಿದ್ಧವಾಗಿತ್ತು. ಮಾಂಸ, ಈರುಳ್ಳಿ, ಬೆಳ್ಳುಳ್ಳಿ, ಚನ್ನಂಗಿ ಬೇಳೆಗಳೂ ನಿಷಿದ್ಧ. ಅನ್ನ ದಿನಕ್ಕೆ ಒಂದೇ ಹೊತ್ತು. ಏಕಾದಶಿಯಂದು ಕಟ್ಟುನಿಟ್ಟಾದ ಮನೆಗಳಲ್ಲಿ ನೀರೂ ಇಲ್ಲ. ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ 1856ರಲ್ಲಿ ವಿಧವಾವಿವಾಹಕ್ಕೆ ಕಾನೂನಿನ ಸಮ್ಮತಿ ದೊರೆತರೂ ಎಷ್ಟೋ ಮನೆಗಳ ಅಡುಗೆಕೋಣೆಯನ್ನು ಆ ಕಾನೂನು ಮುಟ್ಟಲಿಲ್ಲ. ಹತ್ತು ಹನ್ನೆರಡು ವರ್ಷಕ್ಕೇ ವೈಧವ್ಯಕ್ಕೀಡಾದ ಬಾಲೆಯರು ಮುದುಕಿಯರಾಗುವವರೆಗೂ ಬೇರೆ ಒಲೆ, ಬೇರೆ ಪಾತ್ರೆಗಳಲ್ಲಿ ತಮ್ಮ ನಿರಾಮಿಷ ಅಡುಗೆಯನ್ನು ಮಾಡಿಕೊಂಡು ಬಾಳಿದರು. ಇತರರು ಎಸೆಯುವ ಸಿಪ್ಪೆ, ದಂಟು, ಬಾಳೆಯ ಹೂವು, ಸೋರೆಯ ತೊಗಟೆ ಇವರ ಕೈಯಲ್ಲಿ ವ್ಯಂಜನಗಳಾದವು. ಅಲ್ಪಸಾಮಗ್ರಿಯಿಂದ, ಪ್ರಬಲವಾದ ಮಸಾಲೆಯ ಸಹಾಯವಿಲ್ಲದೆ, ಶುಂಠಿ, ಸಾಸಿವೆ, ಹಾಲುಗಳಲ್ಲಿಯೇ ರುಚಿಯ ಭೇದಗಳನ್ನು ಹುಡುಕತಕ್ಕ ಕುಶಲತೆಯು ಅಲ್ಲಿ ಬೆಳೆಯಿತು. ಮಾಂಸ, ಮೀನುಗಳನ್ನು ಯಥೇಷ್ಟವಾಗಿ ಉಂಡು ಬೇಸತ್ತ ಮನೆಯ ಗಂಡಸರು, ಅಜ್ಜಿಯ ಒಲೆಯಿಂದ ಒಂದು ಬಟ್ಟಲು ಶುಕ್ತೊವನ್ನು ಬೇಡಿ ತರಿಸಿಕೊಳ್ಳುತ್ತಿದ್ದರೆಂಬ ಮಾತನ್ನು ವಂಗೀಯರು ಸವಿಯಾದ ನೆನಪೆಂಬಂತೆ ಹೇಳುವುದುಂಟು. ಅದನ್ನು ಸವಿಯೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಉಪವಾಸದ ಕೈ ಮಾಡಿದ ಅಡುಗೆ ಚೆನ್ನಾಗಿತ್ತೆಂಬುದು ಉಪವಾಸಕ್ಕೆ ಸಮರ್ಥನೆಯಾಗಲಾರದು.

ಆ ಕೈಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ವಂಗಭಾಷೆಯ ಮೊದಲ ಮುದ್ರಿತ ಪಾಕಗ್ರಂಥವೆಂದು ಗಣಿತವಾದ ‘ಪಾಕರಾಜೇಶ್ವರ’ವು 1831ರಲ್ಲಿ ಹೊರಬಂದಾಗ ಅದು ರಾಜಭೋಜನದ ಕಡೆಗೆ ಮುಖಮಾಡಿತ್ತು. ಗೃಹಿಣಿಯರಿಗಾಗಿ, ಗೃಹಿಣಿಯೊಬ್ಬಳಿಂದಲೇ ಬಂದ ಮಹತ್ಕೃತಿಯೆಂದರೆ, ರವೀಂದ್ರರ ಅಣ್ಣ ಹೇಮೇಂದ್ರನಾಥರ ಮಗಳಾದ ಪ್ರಜ್ಞಾಸುಂದರೀದೇವಿಯವರು 20ನೆಯ ಶತಮಾನದ ಹೊಸ್ತಿಲಲ್ಲಿ ಪ್ರಕಟಿಸಿದ ‘ಆಮಿಷ ಓ ನಿರಾಮಿಷ ಆಹಾರ’. ‘ಪುಣ್ಯ’ವೆಂಬ ಪತ್ರಿಕೆಯನ್ನು ನಡೆಸಿದ, ಅಸ್ಸಾಮಿನ ಹಿರಿಯ ಸಾಹಿತಿ ಲಕ್ಷ್ಮೀನಾಥ ಬೇಜ್‌ಬರುವಾ ಅವರ ಕೈಹಿಡಿದ ಈ ವಿದುಷಿಯು, ನಿರಾಮಿಷ ಪಾಕಕ್ಕೆ ತಮ್ಮ ಗ್ರಂಥದಲ್ಲಿ ಅಗ್ರಸ್ಥಾನವನ್ನು ಕೊಟ್ಟು, ಊಟದ ಕ್ರಮಪಟ್ಟಿಯನ್ನು ಬರೆದು ಪ್ರದರ್ಶಿಸುವ ರೂಢಿಯನ್ನೂ ತಂದರು. ಚಿಕ್ಕಪ್ಪ ರವೀಂದ್ರರ ಐವತ್ತನೆಯ ಹುಟ್ಟುಹಬ್ಬಕ್ಕೆ ಆಕೆ ಹೂಕೋಸಿನಿಂದ ಬರ್ಫಿ ಮಾಡಿದರೆಂಬುದೂ ಪ್ರಸಿದ್ಧವಾದ ಸಂಗತಿ; ಅದನ್ನು ಪರೀಕ್ಷಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಅವರ ಪುಸ್ತಕವು ಕಣ್ಣಳತೆಯಲ್ಲಿದ್ದುದನ್ನು ಕಾಗದಕ್ಕೆ ಇಳಿಸಿತು. ನಮ್ಮ ಮಂಗರಸನ ಷಟ್ಪದಿಗಳಿಂದ ಅಡುಗೆ ಕಲಿಯುವುದಕ್ಕೆ ಮೊದಲು ನಡುಗನ್ನಡವನ್ನು ಕಲಿಯಬೇಕು. ಆಕೆಯ ಪುಸ್ತಕವನ್ನು ಹಿಡಿದು ಒಲೆಯ ಮುಂದೆ ನಿಲ್ಲಬಹುದು.

ಉಪನ್ಯಾಸವು ಮುಗಿಯುತ್ತ ಬಂದಿತು. ಈ ಅಡುಗೆಯನ್ನು ಮನೆಯಲ್ಲಿ ಮಾಡಿ ನೋಡಬೇ‌ಕೆನ್ನುವವರಿಗೆ ಎರಡು ಮೂರು ಸೂಚನೆಗಳನ್ನು ಹೇಳಿ ನಿಲ್ಲಿಸುತ್ತೇನೆ. ಮೇಲೆ ಹೇಳಿದ ತರಕಾರಿಗಳೆಲ್ಲ ನಮ್ಮ ಸಂತೆಗಳಲ್ಲಿ ದೊರೆಯುವಂಥವೇ. ರಾಂಧುನಿ ಸಿಕ್ಕದಿದ್ದರೆ ಬಿಟ್ಟುಬಿಡಿರಿ. ಅದರ ಬದಲಿಗೆ ಓಮವನ್ನು ಹಾಕಬೇಡಿರಿ, ಅದರ ಘಾಟು ಮಿಕ್ಕೆಲ್ಲವನ್ನೂ ನುಂಗಿಬಿಡುವುದು. ಉದ್ದಿನ ಸಂಡಿಗೆಯನ್ನು ಬೊಡಿಗೆ ಪ್ರತಿಯಾಗಿ ಬಳಸುವುದಾದರೆ, ಅದರಲ್ಲಿ ಇಂಗು ಮೆಣಸಿನಕಾಯಿಗಳು ಇಲ್ಲದಂತೆ ನೋಡಿಕೊಳ್ಳಿರಿ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನೆಲೆಸಿರುವ ಮಕ್ಕಳಿಗೆ ಈ ಕ್ರಮವನ್ನು ಬರೆದು ಕಳುಹಿಸುವವರು ಗಸಗಸೆಯನ್ನು ಮಾತ್ರ ಕಳುಹಿಸಕೂಡದು. ಅಲ್ಲಿ ಅದು ಕಾನೂನಿಗೆ ವಿರುದ್ಧ, ಅದಿಲ್ಲದೆಯೂ ಶುಕ್ತೊ ಆಗುತ್ತದೆ. ಇನ್ನೊಂದು ಮಾತು: ಶುಕ್ತೊ ಮಧ್ಯಾಹ್ನದ ಅಡುಗೆ, ರಾತ್ರಿಯ ಊಟಕ್ಕೆ ಅದನ್ನು ಬಡಿಸುವ ಪದ್ಧತಿ ವಂಗದೇಶದಲ್ಲಿ ಇಲ್ಲ.